ಇಗ್ವಾನಾ ಉಡ ಅಲ್ಲ, ಮೊಟ್ಟೆ ಕೊಡಬೇಡಿ

ವಿಜಯಪುರದಲ್ಲಿ ಇಗ್ವಾನಾ (ಹಲ್ಲಿ ಬಳಗದ ದೊಡ್ಡ ಪ್ರಾಣಿ) ಸಾಕುವವರು ಕಡಿಮೆ. ಆದರೆ ಕ್ಲಿನಿಕ್‌ಗೆ ತರುವವರು ಹೇಳುವ ಮೆನು ಹೆಚ್ಚು ಕಡಿಮೆ ಒಂದೇ: ಸೌತೆಕಾಯಿ, ಪಾಲಕ, ಮಧ್ಯೆ ಮಧ್ಯೆ ಬೇಯಿಸಿದ ಮೊಟ್ಟೆ. ಮೊಟ್ಟೆ ಯಾಕೆ ಅಂತ ಕೇಳಿದರೆ, 'ಉಡದ ಜಾತಿ ಅಲ್ವಾ ಸರ್' ಅನ್ನುತ್ತಾರೆ.

ಅಲ್ಲ. ಉಡ ಬೇಟೆಯಾಡಿ ತಿನ್ನುವ ಪ್ರಾಣಿ (ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ, ಆ ಮಾತು ಬೇರೆ). ಹಸಿರು ಇಗ್ವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರಗಳ ಮೇಲೆ ಎಲೆ ತಿಂದು ಬದುಕುವಂಥದ್ದು. ಮರಿಗೂ ಸೊಪ್ಪೇ, ಮುದಿಗೂ ಸೊಪ್ಪೇ. ಮೊಟ್ಟೆ, ಹುಳ, ಬೆಕ್ಕಿನ ಫುಡ್ ಹಾಕಿದರೆ ಬೇಗ ಬೆಳೆಯುತ್ತದೆ, ಸಾಕಿದವರಿಗೂ ಖುಷಿ. ಆಮೇಲೆ ಕಿಡ್ನಿ ಕೈಕೊಡುತ್ತದೆ.

ಪಾಲಕದಲ್ಲಿ ಕ್ಯಾಲ್ಸಿಯಂ ಇದೆ ನಿಜ. ಆದರೆ ಅದರಲ್ಲಿರುವ ಆಕ್ಸಲೇಟ್ ಆ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ರಾಜಗಿರಿ, ಪುಂಡಿಪಲ್ಯದ್ದೂ ಅದೇ ಹಣೆಬರಹ. ಸೌತೆಕಾಯಿ ಅಂತೂ ಬರೀ ನೀರು. ತಿಂಗಳುಗಟ್ಟಲೆ ಇದನ್ನೇ ತಿಂದ ಇಗ್ವಾನಾದ ಕೆಳದವಡೆಯನ್ನು ಮೆಲ್ಲಗೆ ಒತ್ತಿದರೆ ರಬ್ಬರಿನಂತೆ ಬಾಗುತ್ತದೆ. ಬೆರಳುಗಳು ಅದುರುತ್ತವೆ. ತೊಡೆ ಊದಿರುತ್ತದೆ, ಮನೆಯವರು 'ಚೆನ್ನಾಗಿ ಮೈತುಂಬಿದೆ' ಅಂದುಕೊಂಡಿರುತ್ತಾರೆ. ಅದು ಕೊಬ್ಬಲ್ಲ, ಸವೆಯುತ್ತಿರುವ ಎಲುಬಿನ ಸುತ್ತ ಬೆಳೆದ ನಾರು.

ಊಟದಲ್ಲಿ ಕ್ಯಾಲ್ಸಿಯಂ ರಂಜಕದ (ಫಾಸ್ಫರಸ್) ಎರಡು ಪಟ್ಟಾದರೂ ಇರಬೇಕು. ನುಗ್ಗೆಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ-ಹೂವು, ಎಮ್ಮೆಗೆ ಹಾಕುವ ಕುದುರೆ ಮಸಾಲೆ ಸೊಪ್ಪು (ಲೂಸರ್ನ್), ಇವನ್ನು ಅದಲುಬದಲು ಮಾಡಿ ಕೊಡಿ. ಹೊರದೇಶದವರು ಡ್ಯಾಂಡೆಲಿಯನ್ ಎಲೆ ಕೊಡಿ ಅನ್ನುತ್ತಾರೆ. ಅದಕ್ಕೆ ಹುಡುಕಾಡಬೇಡಿ. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ನಮ್ಮ ಹಕ್ಕರಕಿ ಅದೇ ಬಳಗದ್ದು. ಜೊತೆಗೆ ಒಂದಿಷ್ಟು ತುರಿದ ಕುಂಬಳಕಾಯಿ. ಮರಿಗಳಿಗೆ ಎಲ್ಲವನ್ನೂ ಸಣ್ಣಗೆ ಹೆಚ್ಚಿ, ದಿನಾ ಹಾಕಿ. ಹಣ್ಣು ಅಪರೂಪಕ್ಕೆ ಸಾಕು. ನಮ್ಮಲ್ಲಿ ದ್ರಾಕ್ಷಿಗೇನು ಬರ ಇಲ್ಲ, ಆದರೆ ಅದಕ್ಕೆ ಔಷಧಿ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆದು ಒಂದೆರಡು ಕೊಟ್ಟರೆ ಮುಗಿಯಿತು. ಬೆಣ್ಣೆಹಣ್ಣು ಬೇಡವೇ ಬೇಡ.

ಸೊಪ್ಪು ಸರಿಯಿದ್ದರೂ ಬಿಸಿ ಇಲ್ಲದಿದ್ದರೆ ಅದು ಜೀರ್ಣವಾಗುವುದಿಲ್ಲ. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಸೊಪ್ಪಿನ ನಾರನ್ನು ಹುದುಗಿಸಬೇಕು, ಅದಕ್ಕೆ ಮೈ ಕಾಯಬೇಕು. ಹಗಲು ಮೈಕಾಯಿಸುವ ಜಾಗ 35 ಡಿಗ್ರಿ ಆಸುಪಾಸು ಇರಲಿ. ಡಿಸೆಂಬರ್ ಬೆಳಗ್ಗೆ ಎದ್ದ ಕೂಡಲೇ ಸೊಪ್ಪು ಹಾಕಿ 'ತಿನ್ನುತ್ತಿಲ್ಲ' ಅಂತ ಫೋನ್ ಮಾಡುತ್ತಾರೆ. ಮೊದಲು ಬಿಸಿ, ಆಮೇಲೆ ಊಟ.

ಕ್ಯಾಲ್ಸಿಯಂ ಹೀರಿಕೊಳ್ಳಲು ವಿಟಮಿನ್ ಡಿ3 ಬೇಕು. ಬಾಯಿಂದ ಕೊಟ್ಟ ಡಿ3 ಇಗ್ವಾನಾಕ್ಕೆ ಸರಿಯಾಗಿ ಒಗ್ಗುವುದಿಲ್ಲ, ಬಿಸಿಲಿನಿಂದಲೇ ಆಗಬೇಕು. ಕಿಟಕಿ ಗಾಜಿನ ಹಿಂದೆ ಕೂರಿಸಿದರೆ ಸುಮ್ನೆ ದಂಡ, ಮೈಯಲ್ಲಿ ಡಿ3 ತಯಾರಾಗಲು ಬೇಕಾದ ಬಿಸಿಲಿನ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಜಾಳಿಗೆ ಗೂಡಿನಲ್ಲಿಟ್ಟು ಎಳೆಬಿಸಿಲಿಗೆ ಬಿಡಿ, ಒಂದು ಮೂಲೆ ನೆರಳಿರಲಿ. ಏಪ್ರಿಲ್‌ನಲ್ಲಿ 40 ದಾಟುವ ಊರು ನಮ್ಮದು, ಗಾಜಿನ ಟ್ಯಾಂಕ್ ಬಿಸಿಲಲ್ಲಿಟ್ಟರೆ ಪ್ರಾಣವೇ ಹೋಗುತ್ತದೆ.

ಮೊಟ್ಟೆ ರುಚಿ ಹತ್ತಿದ್ದು ಮೊದಮೊದಲು ಸೊಪ್ಪಿಗೆ ಮೂತಿ ತಿರುಗಿಸುತ್ತದೆ. ಕರಗಬೇಡಿ. ಅದಕ್ಕೆ ಇಷ್ಟವಾದ ತರಕಾರಿಯನ್ನು ಸೊಪ್ಪಿನ ಮೇಲೆ ಉದುರಿಸಿ, ವಾರ ವಾರ ಅದನ್ನು ಕಡಿಮೆ ಮಾಡುತ್ತ ಬನ್ನಿ. ದವಡೆ ಮೆತ್ತಗಾಗಿದ್ದರೆ ಮಾತ್ರ ಈ ಪ್ರಯೋಗಕ್ಕೆ ಕಾಯದೆ ಅವತ್ತೇ ವೈದ್ಯರಿಗೆ ತೋರಿಸಿ.