ಉಗ್ರರ ದಾಳಿ ಆದಾಗ ಲೈವ್ ಯಾಕೆ ಬೇಡ?

ಪ್ರಶ್ನೆ: ದಾಳಿ ನಡೀತಿರುವಾಗ ಟಿವಿಯವರು ಲೈವ್ ತೋರಿಸಬಾರದು, ನಾವೂ ವಿಡಿಯೊ ಹಾಕಬಾರದು ಅಂತಾರೆ. ಒಂದು ವಿಡಿಯೊದಿಂದ ಏನಾಗಿಬಿಡುತ್ತೆ? ತಪ್ಪು ಮುಚ್ಚಿಹಾಕೋಕೆ ಸರ್ಕಾರ ಹೀಗೆ ಮಾಡೋದಲ್ವಾ?

ಅನುಮಾನ ಪಡೋದು ಸರಿ. ಆದರೆ ಏನಾಗುತ್ತೆ ಅನ್ನೋದನ್ನು ಮುಂಬೈ ಆಗಲೇ ನೋಡಿದೆ.

2008ರ ನವೆಂಬರ್ 26ರ ರಾತ್ರಿ ಸಮುದ್ರದ ಮೂಲಕ ಬಂದ 10 ಉಗ್ರರು ಊರಿನ ಹಲವು ಕಡೆ ಗುಂಡು ಹಾರಿಸಿದರು. 166 ಜನ ಸತ್ತರು. ತಾಜ್ ಹೋಟೆಲ್‌ನ ಕಾರ್ಯಾಚರಣೆ ಮುಗಿದದ್ದು 29ರ ಬೆಳಿಗ್ಗೆ. ಅಷ್ಟೂ ಹೊತ್ತು ಚಾನೆಲ್‌ಗಳಲ್ಲಿ ನೇರಪ್ರಸಾರ. ಉಗ್ರರು ಹಿಡಿದಿದ್ದ ಯಹೂದಿ ಕೇಂದ್ರ ನರಿಮನ್ ಹೌಸ್ ಮೇಲೆ ಹೆಲಿಕಾಪ್ಟರ್ ಬಂದು ನಿಂತಿತು, ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ಪಡೆ) ಕಮಾಂಡೊಗಳು ಹಗ್ಗ ಹಿಡಿದು ತಾರಸಿಗೆ ಇಳಿದರು. ದೇಶವೆಲ್ಲ ಅದನ್ನು ಮನೆಯಲ್ಲಿ ಕೂತು ನೋಡಿತು. ಪಾಕಿಸ್ತಾನದಲ್ಲಿ ಕೂತು ಉಗ್ರರನ್ನು ನಡೆಸುತ್ತಿದ್ದವರೂ ನೋಡಿದರು. ನಮ್ಮ ಟಿವಿ ನೋಡಿಕೊಂಡೇ ಫೋನಿನಲ್ಲಿ ಹೇಳಿಕೊಡುತ್ತಿದ್ದರು: ಹೋಟೆಲ್‌ನಲ್ಲಿ ದೊಡ್ಡ ಮನುಷ್ಯರು ಸಿಕ್ಕಿಕೊಂಡಿದ್ದಾರೆ, ಹುಡುಕಿ, ಬೆಂಕಿ ಹಚ್ಚಿ. ಆ ಮಾತುಕತೆ ರೆಕಾರ್ಡ್ ಆಗಿದೆ.

2012ರಲ್ಲಿ, ಜೀವಂತ ಸಿಕ್ಕಿಬಿದ್ದ ಒಬ್ಬನೇ ಉಗ್ರ ಕಸಬ್‌ನ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಚಾನೆಲ್‌ಗಳಿಗೆ ಚೆನ್ನಾಗಿಯೇ ಬಿಸಿ ಮುಟ್ಟಿಸಿತು. ಯೋಧರ ಸಾವಿಗೆ ಟಿವಿಯೇ ಕಾರಣ ಅಂತ ಅದು ಹೇಳಲಿಲ್ಲ. ಅವರ ಕೆಲಸ ಕಷ್ಟವಾಯಿತು, ಜೀವಕ್ಕೆ ಅಪಾಯ ಜಾಸ್ತಿಯಾಯಿತು ಅಂದಿತು. ಆಮೇಲೆ 2015ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿ ಬಂತು: ಕಾರ್ಯಾಚರಣೆ ಮುಗಿಯುವ ತನಕ ಲೈವ್ ಇಲ್ಲ, ನೇಮಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿ ಮಾತ್ರ. 2025ರಲ್ಲಿ ಕಾಶ್ಮೀರದ ಪಹಲ್ಗಾಮ್ ದಾಳಿಯ ನಂತರ ಸರ್ಕಾರ ಇದನ್ನೇ ಮತ್ತೆ ನೆನಪಿಸಿತು.

ಈಗ ಪ್ರತಿ ಕಿಟಕಿಯಲ್ಲೂ ಒಂದು ಮೊಬೈಲ್ ಇದೆ. ಹಾಗಾಗಿ ಚಾನೆಲ್‌ಗೆ ಹೇಳಿದ್ದು ನಮಗೂ ಸೇರಿತು. 2015ರ ನವೆಂಬರ್‌ನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಪೊಲೀಸರು ಉಗ್ರರಿಗಾಗಿ ಶೋಧ ನಡೆಸುವಾಗ, ನಮ್ಮ ಓಡಾಟದ ಬಗ್ಗೆ ಏನೂ ಹಾಕಬೇಡಿ ಅಂತ ಜನರನ್ನು ಕೇಳಿಕೊಂಡರು. ಜನ ಅದರ ಬದಲು ಟ್ವಿಟರ್ ತುಂಬ ಬೆಕ್ಕಿನ ಫೋಟೊ ಹಾಕಿದರು! ಮಾರನೇ ದಿನ ಪೊಲೀಸರು ಒಂದು ಬಟ್ಟಲು ಬೆಕ್ಕಿನ ಊಟದ ಚಿತ್ರ ಹಾಕಿ ಥ್ಯಾಂಕ್ಸ್ ಹೇಳಿದರು.

ವಿಡಿಯೊ ಮಾಡಲೇಬೇಡಿ ಅಂತಲ್ಲ. ಡಿಲೀಟ್ ಮಾಡಬೇಡಿ, ಪೊಲೀಸರಿಗೆ ಕೊಡಿ. ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರಂದು ಬಾಂಬ್ ಸಿಡಿದಾಗ ಟೋಪಿ ಹಾಕಿಕೊಂಡವನ ಚಿತ್ರ ಸಿಕ್ಕಿದ್ದು ಸಿಸಿಟಿವಿಯಿಂದ. ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಅದನ್ನು ಹೊರಗೆ ಬಿಟ್ಟು, ಸುಳಿವು ಕೊಟ್ಟವರಿಗೆ 10 ಲಕ್ಷ ಬಹುಮಾನ ಘೋಷಿಸಿತು. ಅಂಥ ಚಿತ್ರ ಹಂಚಿ, ತಪ್ಪಿಲ್ಲ. ಯಾರದೋ ಮುಖಕ್ಕೆ ನಾವೇ ಕೆಂಪು ವೃತ್ತ ಎಳೆದು "ಇವನೇ" ಅನ್ನೋದು ಬೇರೆ ಮಾತು. 2013ರಲ್ಲಿ ಅಮೆರಿಕದ ಬಾಸ್ಟನ್ ಸ್ಫೋಟದ ನಂತರ ಇಂಟರ್ನೆಟ್ ಪತ್ತೇದಾರರು ಹೀಗೆ ಒಬ್ಬ ಕಾಣೆಯಾಗಿದ್ದ ವಿದ್ಯಾರ್ಥಿಯನ್ನು ಬಾಂಬರ್ ಅಂದುಬಿಟ್ಟರು. ಅವನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಆ ಮನೆಯವರ ಗತಿ ಯೋಚಿಸಿ.

ಇನ್ನು ಮುಚ್ಚಿಹಾಕುವ ಮಾತು. ಲೈವ್ ನಿಲ್ಲಿಸಿದರೆ ಆ ಜಾಗದಲ್ಲಿ ಸರ್ಕಾರ ಮಾತಾಡಬೇಕು. ಬಾಯಿ ಬಿಡದಿದ್ದರೆ ವಾಟ್ಸಾಪ್ ಮಾತಾಡುತ್ತೆ. ಕಾರ್ಯಾಚರಣೆ ಮುಗಿದ ಮೇಲಂತೂ ಗುಟ್ಟಿಗೆ ನೆಪವೇ ಇಲ್ಲ. ದೆಹಲಿ ಕಡೆಯಿಂದ ಎನ್‌ಎಸ್‌ಜಿ ಮುಂಬೈ ತಲುಪೋದು ತಡವಾಯಿತು ಅಂತ ಜನ ಜೋರಾಗಿ ಕೇಳಿದ್ದಕ್ಕೇ ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದಿನಲ್ಲಿ ಅದರ ನೆಲೆಗಳಾದವು. ಅಂಥ ಪ್ರಶ್ನೆ ಕೇಳೋದನ್ನು ಯಾವ ನಿಯಮವೂ ತಡೆಯೋದಿಲ್ಲ.