ತುಮರಿಯ ದಾರಿ: ಮುಳುಗಿದ ನೆಲದಿಂದ ಕೇಬಲ್ ಸೇತುವೆವರೆಗೆ

ಅಣೆಕಟ್ಟುಗಳು ಬರುವ ಮುಂಚೆ ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣ ಮತ್ತು ತುಮರಿ ಊರಿನ ನಡುವೆ ಇದ್ದದ್ದು ಶರಾವತಿ ಹೊಳೆಯೊಂದೇ. 1948ರಲ್ಲಿ ಜೋಗದ ವಿದ್ಯುದಾಗಾರಕ್ಕೆಂದು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1964ರಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಬಂತು. ಅದು ತುಂಬುವ ಮಟ್ಟ 1819 ಅಡಿ. ಹಿರೇಭಾಸ್ಕರವೇ ಅದರಡಿ ಮುಳುಗಿಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಾತ್ರ ಹಳೆಯ ಕಟ್ಟೆ ಕಾಣುತ್ತದೆ.

ಜೊತೆಗೆ ಗದ್ದೆ, ತೋಟ, ಊರುಗಳೂ ಹೋದವು. ಎದ್ದು ಹೋದವರಲ್ಲಿ ಅನೇಕರ ಜಮೀನಿನ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಉಳಿದವರ ಪಾಲಿಗೆ ತುಮರಿ, ಬ್ಯಾಕೋಡು, ಸಿಗಂದೂರು ಸೇರಿದ ಕರೂರು ಸೀಮೆ ಹಿನ್ನೀರಿನ ಆಚೆ ದಡವಾಯಿತು. ತಾಲ್ಲೂಕು ಕಚೇರಿ, ಆಸ್ಪತ್ರೆ, ಅಡಿಕೆ ಮಂಡಿ ಎಲ್ಲವೂ ಈಚೆ ದಡದ ಸಾಗರದಲ್ಲಿ. ನೆಲದ ಮೇಲೆ ಬರಬೇಕೆಂದರೆ ನಿಟ್ಟೂರು, ನಗರ, ಹೊಸನಗರ ಸುತ್ತಿ ಬರಬೇಕಿತ್ತು.

ಹಾಗಾಗಿ ಹೊಳೆಬಾಗಿಲಿನ ಲಾಂಚೇ ಹೆದ್ದಾರಿಯಾಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ದಡಗಳ ನಡುವೆ ಅದು ಜನರನ್ನಷ್ಟೇ ಅಲ್ಲ, ಕಾರು, ಬಸ್ಸುಗಳನ್ನೂ ದಾಟಿಸುತ್ತಿತ್ತು. ಲಾಂಚಿನ ಕಬ್ಬಿಣದ ಹಲಗೆಯನ್ನು ದಡಕ್ಕೆ ಇಳಿಸಿ ವಾಹನ ಹತ್ತಿಸುವುದು ಕ್ರಮವಾಗಿತ್ತು. ನೀರು ತುಂಬಿದ್ದಾಗ ಇದು ಸಲೀಸಾಗಿತ್ತು. ಬೇಸಿಗೆಯಲ್ಲಿ ದಡ ಹಿಂದೆ ಸರಿದು ಕೆಸರು ಬಯಲಾಗುತ್ತಿತ್ತು, ಹಲಗೆಯ ಇಳಿಜಾರು ಕಡಿದಾಗುತ್ತಿತ್ತು, ನೀರಿನಡಿಯ ಮರದ ಬೊಡ್ಡೆಗಳು ಲಾಂಚಿನ ತಳಕ್ಕೆ ಅಪಾಯ ತರುತ್ತಿದ್ದವು. ಮಳೆ ತಡವಾದ 2023ರ ಜೂನ್‌ನಲ್ಲಿ ಹೀಗೆಯೇ ವಾಹನ ಸಾಗಣೆ ನಿಂತಿತು. ಇನ್ನು ರಾತ್ರಿ ಲಾಂಚೇ ಇರುತ್ತಿರಲಿಲ್ಲ. ಹೆರಿಗೆ ನೋವಾಗಲಿ, ಹಾವು ಕಚ್ಚಿದ್ದಾಗಲಿ ಲಾಂಚಿನ ವೇಳೆ ನೋಡಿಕೊಂಡು ಬರುವುದಿಲ್ಲವಲ್ಲ.

ಇಷ್ಟಿದ್ದರೂ ಸೇತುವೆಗೆ ಅರವತ್ತು ವರ್ಷ ಏಕೆ ಬೇಕಾಯಿತು? ನೀರಿನ ಅಗಲ, ತಗಲುವ ಹಣ ಒಂದು ಕಾರಣ. ತಲೆ ಎಣಿಸಿ ದಾರಿ ಕೊಡುವ ನಮ್ಮ ಪದ್ಧತಿ ಇನ್ನೊಂದು. ಹಳ್ಳಿಗಳಿಗೆ ಸರ್ವಋತು ರಸ್ತೆ ಕೊಡಲು 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯನ್ನೇ ನೋಡಿ. ಬಯಲುಸೀಮೆಯ ಜನವಸತಿಗೆ ಕನಿಷ್ಠ 500 ಜನ ಬೇಕು, ಗುಡ್ಡಗಾಡು ರಾಜ್ಯಗಳಲ್ಲಾದರೆ 250 ಸಾಕು. ಹಿಮಾಚಲ, ಉತ್ತರಾಖಂಡ ಆ ಪಟ್ಟಿಯಲ್ಲಿವೆ, ಕರ್ನಾಟಕ ಇಲ್ಲ. ಅಂದರೆ ಮಲೆನಾಡಿಗೂ ಬಯಲಿನ ಲೆಕ್ಕವೇ. ಇಲ್ಲಿ ಒಂದೊಂದು ಮನೆ ತನ್ನ ತೋಟದ ತಲೆಯ ಮೇಲೆ, ಮುಂದಿನ ಮನೆ ಗುಡ್ಡದಾಚೆ. ಮೂಲ ಮಾರ್ಗಸೂಚಿ 500 ಮೀಟರ್ ತ್ರಿಜ್ಯದೊಳಗಿನ ಮಜರೆಗಳನ್ನು, ಅಂದರೆ ಸಣ್ಣ ಜನವಸತಿಗಳನ್ನು, ಕೂಡಿಸಿ ಎಣಿಸಲು ಅವಕಾಶ ಕೊಟ್ಟರೂ ಮಲೆನಾಡಿನಲ್ಲಿ ಅಷ್ಟರೊಳಗೆ ಸಿಗುವುದು ನಾಲ್ಕಾರು ಮನೆ. ನೀರು ಊರನ್ನು ಚದುರಿಸಿತು. ಚದುರಿದ ಊರು ಲೆಕ್ಕಕ್ಕೆ ಸಿಗದೆ ಹೋಯಿತು. ಇದು ನನಗೆ ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ.

ಸೇತುವೆ ಕೊನೆಗೆ ಬಂದದ್ದು ಹಳ್ಳಿ ರಸ್ತೆಯ ಲೆಕ್ಕದಲ್ಲಲ್ಲ, ರಾಷ್ಟ್ರೀಯ ಹೆದ್ದಾರಿ 369ಇ ಭಾಗವಾಗಿ. ಸಿಗಂದೂರು ಚೌಡೇಶ್ವರಿಗೆ ಬರುವ ಭಕ್ತರ ದಟ್ಟಣೆಯೂ ಬೇಡಿಕೆಗೆ ಬಲ ಕೊಟ್ಟಿತು. 2018ರಲ್ಲಿ ಶಂಕುಸ್ಥಾಪನೆ, 2025ರ ಜುಲೈ 14ರಂದು ಉದ್ಘಾಟನೆ. ಉದ್ದ ಸುಮಾರು 2.44 ಕಿ.ಮೀ., ಖರ್ಚು 400 ಕೋಟಿ ರೂಪಾಯಿಗೂ ಹೆಚ್ಚು. ನಡುಭಾಗವನ್ನು ಕೇಬಲ್‌ಗಳು ಹಿಡಿದಿವೆ. ನೀರಿನಲ್ಲಿ ಕಂಬಗಳ ಸಂಖ್ಯೆ ಕಡಿಮೆ ಮಾಡಲು ಇದು ಅನುಕೂಲ.

ಹೆದ್ದಾರಿಯಿಂದ ಮನೆ ಬಾಗಿಲವರೆಗಿನ ಮಣ್ಣುದಾರಿಗೆ ಮಾತ್ರ ಹಳೆಯ ತೊಡಕು ಹಾಗೇ ಇದೆ. 2024ರಲ್ಲಿ ಒಪ್ಪಿಗೆ ಪಡೆದ ಸಡಕ್ ಯೋಜನೆಯ ನಾಲ್ಕನೇ ಹಂತವೂ 2011ರ ಜನಗಣತಿಯನ್ನೇ ಆಧಾರವಾಗಿ ಹಿಡಿದಿದೆ, ಬಯಲಿಗೆ ಅದೇ 500ರ ಮಿತಿ. ರಸ್ತೆ ಕೇಳುವ ಗ್ರಾಮ ಪಂಚಾಯಿತಿಗಳು ಕಂದಾಯ ಗ್ರಾಮದ ಒಟ್ಟು ಜನಸಂಖ್ಯೆ ಬರೆದು ಸುಮ್ಮನಾಗದೆ, ಪ್ರತಿ ಮಜರೆಯ ಮನೆ, ಜನ, ಸರ್ವಋತು ರಸ್ತೆಗಿರುವ ದೂರವನ್ನು ನಕ್ಷೆಯಲ್ಲಿ ಗುರುತಿಸಿ ಗ್ರಾಮಸಭೆಯ ನಿರ್ಣಯದ ಜೊತೆ ಕಳುಹಿಸಬೇಕು. ಮಜರೆಗಳ ಹೆಸರು ಬಿಟ್ಟುಹೋದರೆ ಅಲ್ಲಿನ ಜನ ದೊಡ್ಡ ಊರಿನ ಲೆಕ್ಕದಲ್ಲಿ ಸೇರಿಕೊಂಡು, ಕಾಗದದ ಮೇಲೆ ಅವರಿಗೂ ರಸ್ತೆ ಇದೆ ಎಂದಾಗಿಬಿಡುತ್ತದೆ.