ಮಹಾವೃತ್ತ ದೂರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಹುಡುಕಿದರೆ ಸುಮಾರು 14,000 ಕಿ.ಮೀ. ಎಂದು ಬರುತ್ತದೆ. ವಿಮಾನ ಲೆಕ್ಕವಿಟ್ಟಂತೆ ಅಷ್ಟೇ ಹಾರುತ್ತದೆ ಎಂದುಕೊಳ್ಳಬೇಡಿ. ಇದು ‘ಮಹಾವೃತ್ತ ದೂರ’. ಭೂಮಿಯ ಮೈಮೇಲೆ ಎರಡು ಊರುಗಳ ನಡುವೆ ಇರಬಹುದಾದ ಅತಿ ಹತ್ತಿರದ ದಾರಿಯ ಉದ್ದ.

ಮೂಸಂಬಿಯನ್ನು ಸರಿಯಾಗಿ ಎರಡು ಹೋಳು ಮಾಡಿದಾಗ ಸಿಪ್ಪೆಯ ಮೇಲೆ ಚಾಕು ಬಿಡುವ ಸುತ್ತುಗೆರೆಯೇ ಮಹಾವೃತ್ತ. ಹೇಗೆ ಓರೆಯಾಗಿ ಕೊಯ್ದರೂ ಸರಿ, ಚಾಕು ಹಣ್ಣಿನ ನಟ್ಟನಡುವೆ ಹಾಯಬೇಕು, ಅಷ್ಟೆ. ಭೂಮಧ್ಯರೇಖೆ ಮಹಾವೃತ್ತ, ಬೆಂಗಳೂರಿನ ಮೇಲೆ ಹಾಯುವ 13 ಡಿಗ್ರಿ ಅಕ್ಷಾಂಶರೇಖೆ ಅಲ್ಲ.

ಮನೆಯಲ್ಲಿ ಗ್ಲೋಬ್ ಇದ್ದರೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಬಿಗಿಯಾಗಿ ಎಳೆಯಿರಿ. ಅದು ನಿಲ್ಲುವ ಗೆರೆಯೇ ಮಹಾವೃತ್ತದ ತುಂಡು, ಅತಿ ಹತ್ತಿರದ ದಾರಿ. ದಾರ ಪೆಸಿಫಿಕ್ ಸಾಗರದ ನಡುವೆ ನಿಲ್ಲುವುದೇ ಇಲ್ಲ. ಮೇಲಕ್ಕೆ ಜಾರಿ, ಚೀನಾ ದಾಟಿ, ಸೈಬೀರಿಯಾದಲ್ಲಿ 71 ಡಿಗ್ರಿ ಉತ್ತರದ ತನಕ ಏರಿ, ಅಲಾಸ್ಕಾದ ಕಡೆಯಿಂದ ಇಳಿಯುತ್ತದೆ. ಶಾಲೆಯ ಗೋಡೆಯಲ್ಲಿ ತೂಗುತ್ತಿದ್ದ ಮರ್ಕೇಟರ್ ನಕ್ಷೆಯಲ್ಲಿ (ಉಂಡೆ ಭೂಮಿಯನ್ನು ಚಪ್ಪಟೆ ಆಯತವಾಗಿ ಬಿಡಿಸಿದ ನಕ್ಷೆ) ಸ್ಕೇಲಿಟ್ಟು ಗೆರೆ ಎಳೆದರೆ ಅದು ನೆಟ್ಟಗೆ ಕಾಣುತ್ತದೆ, ಆದರೆ ಆ ದಾರಿ 16,000 ಕಿ.ಮೀ. ಮೀರುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹಾರುವುದಕ್ಕಿಂತ ಹೆಚ್ಚಿನ ದೂರ ಸುಮ್ಮನೆ ಸುತ್ತಿದ ಹಾಗೆ! ಸೀಟಿನೆದುರಿನ ಪರದೆಯಲ್ಲಿ ದಾರಿ ಬಿಲ್ಲಿನಂತೆ ಬಾಗಿ ಕಾಣುವುದು ಇದಕ್ಕೇ. ಬಾಗಿರುವುದು ನಕ್ಷೆಯ ತಪ್ಪಿನಿಂದ, ಪೈಲಟ್‌ನಿಂದಲ್ಲ.

ಹಾಗಿದ್ದರೂ ಪೈಲಟ್‌ಗಳು ಮಹಾವೃತ್ತದ ಗೆರೆಗೇ ಅಂಟಿಕೊಳ್ಳುವುದಿಲ್ಲ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗಿದ್ದರೆ ಲಾಭ, ಎದುರಿಗಿದ್ದರೆ ನಷ್ಟ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಏಳು ಗಂಟೆ ಹಿಡಿದರೆ, ಅದೇ 5,500 ಕಿ.ಮೀ. ವಾಪಸ್ ಬರಲು ಎಂಟು ಗಂಟೆ. ಆದ್ದರಿಂದ ನಾಲ್ಕು ಕಿಲೋಮೀಟರ್ ಜಾಸ್ತಿಯಾದರೂ ಗಾಳಿ ಒಲಿದ ದಾರಿಯೇ ವಾಸಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹಾದು ಬಂದರೂ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದದ್ದು ಧ್ರುವದ ಮೇಲಿಂದಲೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಗಿದ್ದ ಪೈಲಟ್‌ಗಳೆಲ್ಲ ಮಹಿಳೆಯರು. ಹಾರಾಟ ಹೆಚ್ಚುಕಡಿಮೆ 17 ಗಂಟೆ. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರದ ಅಂತರ ಹದಿಮೂರೂವರೆ ಗಂಟೆ. ಹಾಗಾಗಿ 9ನೇ ತಾರೀಖು ಶನಿವಾರ ರಾತ್ರಿ ಹತ್ತಿದವರು ದೇವನಹಳ್ಳಿಯಲ್ಲಿ ಇಳಿದಾಗ 11ನೇ ತಾರೀಖು, ಸೋಮವಾರದ ನಸುಕು. ಭಾನುವಾರದ ರಜೆ ಮಾತ್ರ ಮೋಡದ ಮೇಲೆಯೇ ಕಳೆದುಹೋಗಿತ್ತು.